ಟ್ಯಾಂಕಿನ ಹಿಂದಿನ ಗೆರೆ

ಬೀದಿಯವರೆಲ್ಲ ಅವರನ್ನು ಬಿಸಿಲಜ್ಜ ಎಂದೇ ಕರೆಯುತ್ತಿದ್ದರು. ಸೊಸೆಯ ಹೋಟೆಲಿನ ತಾರಸಿಯ ಮೇಲೆ ಹನ್ನೊಂದು ವರ್ಷದಿಂದ ಅವರದೇ ರಾಜ್ಯ. ಟೊಮೆಟೊ, ಅಣಬೆ, ಬೀನ್ಸ್, ಸೇಬಿನ ಹೋಳು, ಪುದೀನ, ಹೀಗೆ ಅಡುಗೆಮನೆಯಲ್ಲಿ ಏನು ಹೆಚ್ಚಾದರೂ ಜಾಲರಿ ತಟ್ಟೆಗಳಲ್ಲಿ ಹರಡಿ, ಒಣಗಿಸಿ, ಭರಣಿಗೆ ತುಂಬಿ ಕೆಳಗೆ ಕಳಿಸುವುದು ಅವರ ಕೆಲಸ. ತಟ್ಟೆಗಳನ್ನು ಬಿಸಿಲಿನ ಹಿಂದೆ ಸರಿಸಿ ಸರಿಸಿ, ಯಾವ ತಿಂಗಳಲ್ಲಿ ಯಾವ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಬಾಯಿಪಾಠವಾಗಿತ್ತು. ಆದರೂ ಮರೆತೀತೆಂದು ಇಟ್ಟಿಗೆ ಚೂರಿನಲ್ಲಿ ನೆಲದ ಮೇಲೆ ಗೆರೆ ಎಳೆದಿಡುತ್ತಿದ್ದರು. ಮಳೆಗೆ ಅಳಿಸಿದರೆ ಮತ್ತೆ ಎಳೆಯುತ್ತಿದ್ದರು.

ಅದು ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲದ ಹೋಟೆಲ್. ಹೊಸಬರು ಬಂದು "ಟೀಗೆ ಹಾಲೂ ಇಲ್ವಾ?" ಎಂದು ಹುಬ್ಬೇರಿಸಿದರೆ ಅಜ್ಜ, "ಹಸುವಿನ ಹಾಲು ಕರು ಕುಡೀಲಿ, ನೀವು ಬಾದಾಮಿದು ಕುಡೀರಿ. ಬಾದಾಮಿಗೆ ಕರು ಇಲ್ಲ" ಎನ್ನುತ್ತಿದ್ದರು. ಉದ್ದನೆಯ ಒಂದೇ ಮೇಜು. ಉಂಡವರು ಅವರವರ ತಟ್ಟೆ ತೊಳೆದಿಡಬೇಕು. ಫ್ರಿಜ್ಜಿನ ಕೆಳಗಿನ ಅರೆ ಬೀದಿಯವರದು. ಹೂವಿನವಳು ಸಂಜೆ ಉಳಿದ ಹೂವನ್ನು ಅಲ್ಲಿಡುತ್ತಿದ್ದಳು. ಎದುರುಮನೆಯ ಮುದುಕ ಟೈಲರ್ ಇನ್ಸುಲಿನ್ ಡಬ್ಬಿ ಇಡುತ್ತಿದ್ದ.

ಆ ಬೇಸಿಗೆಯಲ್ಲಿ ಕರೆಂಟು ದಿನಾ ಮಧ್ಯಾಹ್ನ ಕೈಕೊಡತೊಡಗಿತು. ಮಿಕ್ಸಿ ಅರ್ಧ ಅರೆದು ನಿಲ್ಲುತ್ತಿತ್ತು, ಬಾದಾಮಿ ಹಾಲು ಹುಳಿಯುತ್ತಿತ್ತು. ಸೊಸೆ ವರ್ಷದಿಂದ ಯೋಚಿಸುತ್ತಿದ್ದುದನ್ನು ಕೊನೆಗೆ ನಿಶ್ಚಯಿಸಿ ಸೋಲಾರ್ ಹಾಕಿಸಲು ಹೊರಟಳು.

ಕೆಲಸಕ್ಕೆ ಬಂದವಳನ್ನು ಎಲ್ಲರೂ ವಯರಕ್ಕ ಎನ್ನುತ್ತಿದ್ದರು. ಹೆಗಲಿಗೆ ಏಣಿ, ಕಿವಿಯಲ್ಲಿ ಪೆನ್ಸಿಲ್. ತಾರಸಿ ಹತ್ತಿ, ಬಿಸಿಲಿನ ದಾರಿ ಅಳೆಯಲು ಫೋನನ್ನು ಆಕಾಶಕ್ಕೆ ಹಿಡಿದು ನೋಡಿದಳು.

"ಫೋನು ಏನೋ ಹೇಳುತ್ತೆ ಅಕ್ಕಾ, ಆದ್ರೆ ಅದಕ್ಕೆ ನಿಮ್ಮ ನೀರಿನ ಟ್ಯಾಂಕು ಗೊತ್ತಿಲ್ಲ, ಪಕ್ಕದ ಕಟ್ಟಡ ಗೊತ್ತಿಲ್ಲ. ನಡುಮಧ್ಯ ಹಾಕೋದಾ, ಟ್ಯಾಂಕ್ ಹಿಂದೆ ಹಾಕೋದಾ?"

"ಬಿಸಿಲಿನ ವಿಷಯಕ್ಕೆ ಮಾವನ್ನ ಕೇಳು" ಎಂದಳು ಸೊಸೆ. "ಅವರು ಕೈ ತೋರಿಸಿದ ಕಡೆ ಹಾಕು."

ಬಿಸಿಲಜ್ಜನಿಗೆ ಆ ಕ್ಷಣ ಬರುವುದೆಂದು ಮುಂಚೆಯೇ ಗೊತ್ತಿತ್ತು. ನಡುಮಧ್ಯವೇ ಒಳ್ಳೆಯ ಜಾಗ, ವರ್ಷವಿಡೀ ಬಿಸಿಲು. ಅಲ್ಲೇ ಅವರ ತಟ್ಟೆಗಳು. ಅಲ್ಲಿ ಸೋಲಾರ್ ಬಂದರೆ ತಟ್ಟೆಗಳು ಹೋಗುತ್ತವೆ. ತಟ್ಟೆಗಳು ಹೋದರೆ ತಾವು ಏನು? ಮೂಲೆಯ ಕುರ್ಚಿಯಲ್ಲಿ ಕೂತು "ಅಜ್ಜಾ, ಕಾಲು ತೆಗೀರಿ, ಗುಡಿಸ್ಬೇಕು" ಅನ್ನಿಸಿಕೊಳ್ಳುವ ಇನ್ನೊಬ್ಬ ಮುದುಕ. ಅದಕ್ಕೇ ಅವತ್ತು ಬೆಳಿಗ್ಗೆ ಯಾರೂ ಏಳುವ ಮುಂಚೆ ಬಂದು, ಟ್ಯಾಂಕಿನ ಹಿಂದೆ ಎಳೆದಿದ್ದ ಚಳಿಗಾಲದ ನೆರಳಿನ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಹಾಕಿದ್ದರು.

"ಟ್ಯಾಂಕ್ ಹಿಂದೆ ಹಾಕಮ್ಮ" ಎಂದರು. "ಇಲ್ಲಿ ನಡುವೆ ಚಳಿಗಾಲದಲ್ಲಿ ಪಕ್ಕದ ಕಟ್ಟಡದ ನೆರಳು ಬೀಳುತ್ತೆ."

ವಯರಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು. ಸೊಸೆ ಮಾವನ ಮುಖ ನೋಡಿದಳು, ನೆಲ ನೋಡಿದಳು. "ಮಾವ ಹೇಳಿದ್ಮೇಲೆ ಮುಗೀತು" ಎಂದು ಇಳಿದುಹೋದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ, ಅದೂ ಹಾಲೇ ಇಲ್ಲದ ಹೋಟೆಲಿನಲ್ಲಿ.

ಎರಡು ದಿನ ಕಳೆಯಿತು. ಮಧ್ಯಾಹ್ನ ಕರೆಂಟು ಹೋದದ್ದು ನಾಲ್ಕು ಗಂಟೆಯಾದರೂ ಬರಲಿಲ್ಲ. ಟೈಲರ್ ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದು, ಫ್ರಿಜ್ಜಿನಿಂದ ತನ್ನ ಡಬ್ಬಿ ತೆಗೆದು ಅದರೊಳಗಿಟ್ಟ.

"ಇದೇನೋ, ಮಗು ಮಲಗಿಸಿದ ಹಾಗೆ ಮಲಗಿಸ್ತಿದೀಯ?" ಎಂದರು ಬಿಸಿಲಜ್ಜ.

"ಬಿಸಿಯಾದ್ರೆ ಔಷಧಿ ಸತ್ತುಹೋಗುತ್ತಂತೆ ಕಣೋ. ಹೋದ ವಾರ ಹಾಗೇ ಆಯ್ತು. ಗೊತ್ತಾಗದೆ ಚುಚ್ಚಿಕೊಂಡೆ, ಸಕ್ಕರೆ ಏರಿ ತಲೆ ಗಿರ್ರಂತ ತಿರುಗಿ ಮೆಟ್ಟಿಲ ಮೇಲೇ ಕೂತುಬಿಟ್ಟೆ." ಟೈಲರ್ ನಕ್ಕ. "ನಲವತ್ತು ವರ್ಷ ಬಟ್ಟೆಗೆ ಸೂಜಿ ಚುಚ್ಚಿದೆ. ಈಗ ಅದರ ಬಡ್ಡಿ, ಹೊಟ್ಟೆಗೆ."

"ನನಗೆ ಹೇಳಲೇ ಇಲ್ವಲ್ಲೋ!"

"ಹೇಳಿದ್ರೆ ನೀನೇನು ಸೂರ್ಯನ್ನ ಫ್ರಿಜ್ಜಿಗೆ ಕಟ್ತಿದ್ದೆಯಾ? ಬಿಡು, ಈಗ ಅದೂ ಆಗ್ತಿದೆಯಲ್ಲ. ನಿನ್ನ ಸೊಸೆ ಹೇಳಿದ್ಳು, ಜಾಗ ನೀನೇ ತೋರಿಸಿದೆಯಂತೆ. ಅಂದ್ಮೇಲೆ ನನಗೆ ಚಿಂತೆ ಇಲ್ಲ. ನೀನು ಇಟ್ಟ ಟೊಮೆಟೊ ಯಾವತ್ತಾದ್ರೂ ಬೂಷ್ಟು ಹಿಡಿದಿದೆಯಾ?"

ಬಿಸಿಲಜ್ಜ ಮಡಕೆಯ ಬಟ್ಟೆಯನ್ನು ಸುಮ್ಮನೆ ಎರಡು ಸಲ ಸರಿಮಾಡಿದರು. ಆಮೇಲೆ ಕುಂಬಳಕಾಯಿ ಕಳ್ಳನ ಪಾಡಾಯಿತು ಅವರದು. ಯಾರು ಬಿಸಿಲು ಅಂದರೂ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಊಟಕ್ಕೆ ಕೂತವರು "ಏನು ಬಿಸಿಲಪ್ಪಾ!" ಎಂದರೂ ತಮಗೇ ಅಂದಂತೆ ಬೆಚ್ಚುತ್ತಿದ್ದರು.

ಮರುದಿನ ಬೆಳಿಗ್ಗೆ ವಯರಕ್ಕ ಸೋಲಾರ್ ನಿಲ್ಲಿಸುವ ಕಬ್ಬಿಣದ ಕಾಲುಗಳನ್ನೂ ಡ್ರಿಲ್ಲನ್ನೂ ತಂದು ಮೇಲೆ ಹೋದಳು. ಅಜ್ಜ ಟೀ ಲೋಟ ಹಿಡಿದು ಕೆಳಗೆ ಕೂತೇ ಇದ್ದರು. ಡ್ರಿಲ್ಲಿನ ಸದ್ದು ಈಗ ಬಂತು, ಇನ್ನೇನು ಬಂತು ಎಂದು ಕಿವಿಗೊಟ್ಟರೆ ಬರಲೇ ಇಲ್ಲ. ಟೀ ಆರಿ ತಣ್ಣಗಾಯಿತು. ಕೊನೆಗೆ ಲೋಟ ಇಟ್ಟು ಮೆಟ್ಟಿಲು ಹತ್ತಿದರು.

ಟ್ಯಾಂಕಿನ ಹಿಂದೆ ವಯರಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಸೊಸೆ ಪಕ್ಕದಲ್ಲಿ ನಿಂತಿದ್ದಳು. ಅಜ್ಜ ಇಬ್ಬರನ್ನೂ ನೋಡದೆ ಇಟ್ಟಿಗೆ ಚೂರು ಹುಡುಕಿ, ಮೊಣಕಾಲೂರಿ, ಟ್ಯಾಂಕಿನ ಬುಡದಿಂದ ಗೋಡೆಯವರೆಗೆ ಕೆಂಪು ಗೆರೆ ಎಳೆದರು.

"ಚಳಿಗಾಲದಲ್ಲಿ ಹತ್ತು ಗಂಟೆಗೇ ಇಲ್ಲಿವರೆಗೂ ನೆರಳು. ಇಲ್ಲಿ ಹಾಕಿದ್ರೆ ಆ ನಾಲ್ಕು ತಿಂಗಳು ದಂಡ. ನಡುಮಧ್ಯ ಹಾಕಮ್ಮ. ಅಲ್ಲಿ ಯಾವ ಕಟ್ಟಡದ ನೆರಳೂ ಬೀಳಲ್ಲ. ನಾನು ಸುಳ್ಳು ಹೇಳಿದೆ."

ವಯರಕ್ಕ ಕಿವಿಯ ಪೆನ್ಸಿಲ್ ತೆಗೆದು ಸೊಸೆಯ ಕಡೆ ತಿರುಗಿದಳು. "ಅಲ್ಲಾ ಅಕ್ಕಾ, ಮಾವ ಬರೋವರೆಗೂ ತೂತು ಹಾಕ್ಬೇಡ ಅಂದಿದ್ದು ಇದಕ್ಕಾ?"

ಬಿಸಿಲಜ್ಜ ತಲೆಯೆತ್ತಿದರು. "ನಿನಗೆ ಗೊತ್ತಿತ್ತಾ ಮಗಳೇ?"

"ಹನ್ನೊಂದು ವರ್ಷದಿಂದ ಆ ಗೆರೆ ದಾಟಿಕೊಂಡು ಬಟ್ಟೆ ಒಣಗಹಾಕ್ತಿದೀನಿ ಮಾವ. ಚಳಿಗಾಲದಲ್ಲಿ ಅಲ್ಲಿ ಒಂದು ಕರ್ಚೀಫೂ ಒಣಗಲ್ಲ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡ್ಲಿ? ನಿಮ್ಮ ಜಾಗ ನನಗೆ ಕೊಡಿ ಅಂತ ಕೇಳೋಕೆ ಮನಸ್ಸು ಬರಲಿಲ್ಲ. ನೀವು ಇವತ್ತೂ ಇಲ್ಲೇ ಕೈ ತೋರಿಸಿದ್ದಿದ್ರೆ ಇಲ್ಲೇ ಹಾಕಿಸ್ತಿದ್ದೆ. ಚಳಿಗಾಲದಲ್ಲಿ ಮಿಕ್ಸಿ ನಿಲ್ಲಿಸಿ, ಫ್ರಿಜ್ಜಿಗಾದ್ರೂ ಸಾಕಾಗೋ ಹಾಗೆ ಹೇಗೋ ಮಾಡೋಣ ಅಂತಿದ್ದೆ." ಅವಳು ಕೂತು ಸೆರಗಿನಿಂದ ಅವರ ಬೆರಳಿನ ಕೆಂಪು ಪುಡಿ ಒರೆಸಿದಳು. "ಮೊದಲೇ ನಿಮ್ಮನ್ನ ಕೂರಿಸಿಕೊಂಡು ಮಾತಾಡ್ಬೇಕಿತ್ತು. ತಪ್ಪು ನಂದೂ ಇದೆ."

ಅಜ್ಜನಿಗೆ ಕಣ್ಣು ತುಂಬಿತು. "ಧೂಳು" ಎಂದರು. ಯಾರೂ ಕೇಳಿರಲಿಲ್ಲ.

"ಅತ್ತಿದ್ದು ಸಾಕು, ಏಳಿ ಅಜ್ಜ" ಎಂದಳು ವಯರಕ್ಕ. "ನಿಮ್ಮ ಎತ್ತರ ಎಷ್ಟು? ಕಾಲುಗಳನ್ನ ಉದ್ದ ಮಾಡ್ತೀನಿ, ಅಡಿಯಲ್ಲಿ ಬಗ್ಗದೆ ಓಡಾಡ್ಬಹುದು. ಆದ್ರೆ ಅಲ್ಲಿ ಬಿಸಿಲಿರಲ್ಲ, ನೆರಳು, ಗಾಳಿ ಅಷ್ಟೇ."

ನೆರಳು, ಗಾಳಿ. ಬಿಸಿಲಜ್ಜ ತಟ್ಟನೆ ಎದ್ದು ನಿಂತರು. "ಪುದೀನ!" ಎಂದರು. "ಬಿಸಿಲಿಗೆ ಹಾಕಿದ್ರೆ ಪುದೀನ ಕಪ್ಪಗಾಗುತ್ತೆ. ಅದಕ್ಕೆ ಬೇಕಾದದ್ದೇ ನೆರಳು, ಗಾಳಿ."

"ಟೊಮೆಟೊಗೆ?" ಎಂದಳು ಸೊಸೆ.

"ಬೇಸಿಗೆಗೆ ಟ್ಯಾಂಕ್ ಹಿಂದೆ. ಚಳಿಗಾಲಕ್ಕೆ ಆ ಟೈಲರ್ ತಾರಸಿ ಇದೆಯಲ್ಲ, ಕಾಗೆ ಬಿಟ್ರೆ ಯಾರೂ ಹತ್ತಲ್ಲ. ಔಷಧಿ ತಣ್ಣಗಿಡ್ತೀವಿ, ಅದರ ಬಾಡಿಗೆ ಅಂತ ತಾರಸಿ ಕೊಡ್ಲಿ ಅವನು."

ವಾರದ ಮೇಲೆ ಬೀದಿಯ ಕರೆಂಟು ಎಂದಿನಂತೆ ಹೋಯಿತು. ಎದುರಿನ ಅಂಗಡಿಯ ಫ್ಯಾನು ನಿಂತಿತು. ಹೋಟೆಲಿನ ಮಿಕ್ಸಿ ಮಾತ್ರ ಗೊರಗೊರ ಎನ್ನುತ್ತಲೇ ಇತ್ತು. ಟೈಲರ್ ಊಟದ ತಟ್ಟೆ ಬಿಟ್ಟು ಹೊರಗೋಡಿ ಬಂದು, ತಲೆಯೆತ್ತಿ ಕೂಗಿದ: "ಲೋ ಬಿಸಿಲಾ! ನಿಂತಿಲ್ಲ ಕಣೋ!"

ತಾರಸಿಯ ಮೇಲೆ ಬಿಸಿಲಜ್ಜ ಸ್ಟೂಲು ಹತ್ತಿ, ಹಕ್ಕಿ ಹಿಕ್ಕೆ ಬಿದ್ದ ಸೋಲಾರ್ ಗಾಜಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಗೆರೆ ಒರೆಸಿದ ಅದೇ ಬಟ್ಟೆ.

"ಕೂಗ್ಬೇಡ, ಮೊದಲು ತಟ್ಟೆ ತೊಳಿ ಹೋಗು" ಎಂದು ಗದರಿ, ಕೆಳಗಿಳಿದು, ಹಲಗೆಯ ನೆರಳಲ್ಲಿ ಒಣಗುತ್ತಿದ್ದ ಪುದೀನದ ಎಲೆಯೊಂದನ್ನು ತಿರುವಿ ನೋಡಿದರು. ಹಸಿರು ಹಾಗೇ ಇತ್ತು.