ಹೊದ್ದು ಮಲಗಿದ ಬಳೆ

ಸೊಸೆ ಎರಡನೇ ಸಲವೂ ಅಳೆದಳು. ಅಳತೆ ಯಂತ್ರದ ತುದಿಯ ಕೆಂಪು ಮಣಿ ಬಳೆಯ ಒಳಅಂಚನ್ನು ಮುಟ್ಟಿ, ಹಿಂದೆ ಸರಿದು, ಇನ್ನೊಂದು ಕಡೆ ಮುಟ್ಟಿತು. ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಮೇಸ್ತ್ರಿಗೆ ಪರದೆಯ ಅಂಕಿಗಳು ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ಸೊಸೆ ಕೆಳತುಟಿ ಕಚ್ಚಿಕೊಂಡಿದ್ದಳು. ಮನೆಯಲ್ಲಿ ಹಾಲು ಒಡೆದಾಗಲೂ ಅವಳು ಹಾಗೆಯೇ ಮಾಡುತ್ತಿದ್ದಳು.

"ನಡುವಿನ ತೂತು ದೊಡ್ಡದಾಗಿದೆ, ಮೇಸ್ತ್ರಿಗಳೇ," ಎಂದಳು. ಮನೆಯಲ್ಲಿ ಮಾವ, ಕಾರ್ಖಾನೆಯಲ್ಲಿ ಮೇಸ್ತ್ರಿಗಳು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಾಗೆಂದು ಹೇಳಿಬಿಟ್ಟಿದ್ದಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ಎಷ್ಟು?"

"ನೂರಾ ಎಂಬತ್ತು ಮೈಕ್ರಾನ್ ಹೆಚ್ಚು. ಎಂಬತ್ತರವರೆಗೆ ಮಾತ್ರ ಬಿಟ್ಟಿದ್ದಾರೆ."

ಮೇಸ್ತ್ರಿ ಮನಸ್ಸಿನಲ್ಲೇ ಅದನ್ನು ಕೂದಲಿಗೆ ಇಳಿಸಿದ. ಎರಡೂವರೆ ಕೂದಲಿನ ದಪ್ಪ. ಯಾವ ಅಳತೆಯನ್ನೂ ಕೂದಲೆಳೆಯಲ್ಲೇ ಹೇಳುವ ಚಾಳಿಯಿಂದಾಗಿ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕೂದಲೆಳೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಲೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲದ ಮನುಷ್ಯನಿಗೆ ಈ ಹೆಸರಿಟ್ಟವರ ಕಿಡಿಗೇಡಿತನವನ್ನು ಮೆಚ್ಚಲೇಬೇಕು.

ಬಳೆ ಎಂದರೆ ಕೈಬಳೆಯಲ್ಲ. ವಿಮಾನದ ಹೊಟ್ಟೆಯ ಎರಡು ಭಾಗಗಳನ್ನು ಕೂಡಿಸಿ ಹಿಡಿಯುವ ಅಲ್ಯೂಮಿನಿಯಂ ಉಂಗುರ. ಒಬ್ಬ ಆಳು ಕೈಚಾಚಿ ಮಲಗಿದರೂ ಅದರೊಳಗೆ ಹಿಡಿಸಬಹುದು. ಇಷ್ಟು ವರ್ಷ ಅದು ಮರದ ಪೆಟ್ಟಿಗೆಯಲ್ಲಿ ಹಡಗೇರಿ ಹೊರದೇಶದಿಂದ ಬರುತ್ತಿತ್ತು. ಕೇಳಿದ ಮೇಲೆ ಹನ್ನೊಂದು ತಿಂಗಳು ಕಾಯಬೇಕಿತ್ತು. ಈಗ ಮೊದಲ ಸಲ ಇಲ್ಲೇ ಕೊರೆದಿದ್ದರು. ಕಚ್ಚಾ ಉಂಗುರ ಇದ್ದದ್ದು ಒಂದೇ ಒಂದು. ಇದು ಪಾಸಾದರೆ ಮುಂದಿನ ಏಳೂ ಇಲ್ಲಿಗೇ, ಇಲ್ಲವಾದರೆ ಸಂಜೆಯೇ ಹಳೆಯವರಿಗೆ ಫೋನ್ ಎಂದು ವಿಮಾನ ಕಾರ್ಖಾನೆಯ ಅಧಿಕಾರಿ ಬೆಳಿಗ್ಗೆ ಬಂದವರೇ ಇಲ್ಲಿನ ಯಜಮಾನರಿಗೆ ಹೇಳಿದ್ದರು. ಈಗ ಇಬ್ಬರೂ ಯಂತ್ರದ ಆಚೆ ನಿಂತಿದ್ದರು. ತೂತು ಚಿಕ್ಕದಾಗಿದ್ದರೆ ಇನ್ನಷ್ಟು ಕೊರೆಯಬಹುದಿತ್ತು. ದೊಡ್ಡದಾದರೆ ಮುಗಿಯಿತು. ಕೊರೆದು ಬಿಸಾಕಿದ ಲೋಹವನ್ನು ಯಾರಪ್ಪನೂ ತಿರುಗಿ ಅಂಟಿಸಲಾರ.

"ನಾನು ಕೊರೆದಿದ್ದು ಸರಿಯಾಗಿತ್ತು," ಎಂದ ಮೇಸ್ತ್ರಿ.

"ಯಂತ್ರ ಹೇಳೋದನ್ನ ನಾನು ಬರೀಬೇಕು."

ಅವಳು ಮೇಜಿನ ಸೆಳೆಖಾನೆಯಿಂದ, ಕೆಟ್ಟ ಸಾಮಾನಿಗೆ ಕಟ್ಟುವ ಕೆಂಪು ಚೀಟಿ ತೆಗೆದಳು. ಮೇಸ್ತ್ರಿಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಬಂದು ಚಪ್ಪಲಿ ಗೂಡಿನ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತ. ಮೂವತ್ತೆರಡು ವರ್ಷದ ಕೆಲಸದಲ್ಲಿ ಅವನ ಕೈಯಿಂದ ಕೆಂಪು ಚೀಟಿಯ ಸಾಮಾನು ಹೊರಬಿದ್ದದ್ದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವೆಲ್ಲ ಅಂಗೈಯಗಲದವು. ಇಂಥದ್ದಲ್ಲ. ಇದಕ್ಕಾಗಿ ಅವನು ಹದಿನೆಂಟು ದಿನ ಯಂತ್ರದ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ.

ಅಳತೆ ಕೋಣೆಯನ್ನು ಸದಾ ಇಪ್ಪತ್ತು ಡಿಗ್ರಿಯಲ್ಲಿ ಇಡುತ್ತಿದ್ದರು. ಅದರ ಚಳಿ ಇನ್ನೂ ಮೈಯಲ್ಲೇ ಇತ್ತು. ಅವನು ಚಪ್ಪಲಿ ಗೂಡಿನ ಹಿಂದೆ ಕೈಹಾಕಿ, ಬೆಳಿಗ್ಗೆ ತುರುಕಿಟ್ಟಿದ್ದ ರಜಾಯಿಯನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡ.

ರಜಾಯಿ ಅವನ ಮೈಮೇಲೆ ಅಲ್ಲ, ಬಳೆಯ ಮೇಲೆ ಇರಬೇಕಾದದ್ದು. ಮುಗಿದ ಕೆಲಸದ ಮೇಲೆ ಧೂಳು ಕೂರಬಾರದು ಎಂದು ಕೆಲಸ ಕಲಿಸಿದ ಗುರು ಕಲಿಸಿದ್ದ. ಅಂದಿನಿಂದ ಮೇಸ್ತ್ರಿ ಮಾಡಿದ್ದಕ್ಕೆಲ್ಲ ಏನಾದರೊಂದು ಹೊದಿಸದೆ ಎದ್ದವನಲ್ಲ. ಈ ಬಳೆಗೆ ಸಾಲುವ ಬಟ್ಟೆ ಸಿಗದೆ ಹೆಂಡತಿಯಿಂದ ಎರಡು ಹಳೆಯ ರಜಾಯಿ ಜೋಡಿಸಿ ಹೊಲಿಸಿದ್ದ. "ನನಗೆ ಕೊಡಿಸಿದ ಬಳೆಗೆ ಒಂದು ಕರ್ಚೀಫೂ ಹೊದಿಸಿದ್ದು ಕಾಣೆ," ಎಂದು ಅವಳು ದಾರ ಕಚ್ಚಿ ತುಂಡು ಮಾಡಿದ್ದಳು. ಅಳತೆ ಕೋಣೆಗೆ ಬಟ್ಟೆ ತರಬಾರದು, ಎಳೆ ಉದುರುತ್ತದೆ ಎಂಬುದು ಸೊಸೆಯ ಕಟ್ಟಪ್ಪಣೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಬಳೆಯನ್ನು ಕ್ರೇನಿನಲ್ಲಿ ಒಳಗಿಟ್ಟು, ಯಾರೂ ಇಲ್ಲದಾಗ ಹೊದಿಸಿ, ಒಂಬತ್ತೂಕಾಲಿಗೆ ಅವಳ ಸ್ಕೂಟರಿನ ಸದ್ದು ಕೇಳಿದ್ದೇ ತಡ ಕಿತ್ತು ತಂದು ಇಲ್ಲಿ ಅಡಗಿಸಿದ್ದ.

ಹೆಗಲು ಬೆಚ್ಚಗಾಯಿತು. ಒಳ್ಳೆಯ ರಜಾಯಿ, ಎರಡು ಪದರದ್ದು. ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ ಎಂದುಕೊಂಡ.

ಅಂದುಕೊಂಡವನು ಹಾಗೇ ಎದ್ದು ನಿಂತ.

ಕೊರೆಯುವ ಶೆಡ್ಡು ಇಪ್ಪತ್ತೆಂಟು ಡಿಗ್ರಿ. ಅಲ್ಲಿಂದ ಬಂದ ಬಳೆ, ಹತ್ತಕ್ಕೆ ಅಳೆಯುವ ಮುನ್ನ, ಕೋಣೆಯ ತಂಪಿಗೆ ಮೈಬಿಟ್ಟು ನಾಲ್ಕು ಗಂಟೆ ಆರಬೇಕಿತ್ತು. ಅದು ಆರಿದ್ದು ಮುಕ್ಕಾಲು ಗಂಟೆ. ಮಿಕ್ಕ ಹೊತ್ತೆಲ್ಲ ಹೊದ್ದು ಮಲಗಿತ್ತು. ಬೆಚ್ಚಗಿದ್ದರೆ ಉಂಗುರ ಹಿಗ್ಗುತ್ತದೆ, ಜೊತೆಗೆ ಅದರ ತೂತೂ ಹಿಗ್ಗುತ್ತದೆ.

ಹೇಳದಿದ್ದರೆ ಬಳೆ ಹೋಗುತ್ತದೆ. ಹೇಳಿದರೆ ಮೂವತ್ತೆರಡು ವರ್ಷದ ಮಾನ. ಅವನು ಒಂದು ನಿಮಿಷ ನಿಂತ. ಅದೂ ಸುಳ್ಳು, ಅರ್ಧ ನಿಮಿಷ. ಆಮೇಲೆ ರಜಾಯಿ ಹೊದ್ದುಕೊಂಡೇ ಬಾಗಿಲು ತಳ್ಳಿದ.

ಒಳಗೆ ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಅಧಿಕಾರಿ ಫೋನ್ ಕೈಗೆ ತೆಗೆದುಕೊಂಡಾಗಿತ್ತು. ಸೊಸೆ ಕೆಂಪು ಚೀಟಿಗೆ ದಾರ ಪೋಣಿಸುತ್ತಿದ್ದಳು.

"ಏನ್ ಮೇಸ್ತ್ರಿ, ಹುಷಾರಿಲ್ವಾ?" ಎಂದರು ಯಜಮಾನರು.

"ನಾನು ಹುಷಾರಾಗಿದ್ದೀನಿ. ಬಳೆ ಮೈ ಸುಡ್ತಿದೆ," ಎಂದ ಮೇಸ್ತ್ರಿ. ಆಮೇಲೆ ರಜಾಯಿಯ ಕಥೆಯನ್ನು, ಸ್ಕೂಟರಿನ ಸದ್ದನ್ನೂ ಬಿಡದೆ, ನೆಲ ನೋಡಿಕೊಂಡು ಹೇಳಿ ಮುಗಿಸಿದ.

ಸೊಸೆ ಚೀಟಿ ಕೆಳಗಿಟ್ಟಳು. ಮಗುವಿನ ಹಣೆ ಮುಟ್ಟಿ ನೋಡುವಂತೆ ಬಳೆಗೆ ಹಿಂಗೈ ಒತ್ತಿದಳು. ಆಮೇಲೆ ಥರ್ಮಾಮೀಟರಿನ ತುದಿಯನ್ನು ಅದರ ಮೈಗೆ ಅಂಟಿಸಿ ಕಾದಳು.

"ಇಪ್ಪತ್ತಮೂರೂವರೆ," ಎಂದಳು. "ಗೋಡೆ ಮೇಲಿನದು ನೋಡಿ ಸುಮ್ಮನಾಗಿಬಿಟ್ಟೆ ಸರ್. ಇದಕ್ಕೇ ಅಂಟಿಸಿ ನೋಡಬೇಕಿತ್ತು. ತಪ್ಪು ನಂದೂ ಇದೆ."

"ಡಿಗ್ರಿಗೆ ಇಷ್ಟು ಅಂತ ಲೆಕ್ಕ ಹಾಕಿ ಕಳೆದುಬಿಡಬಹುದಲ್ಲ?" ಎಂದರು ಯಜಮಾನರು ಆಸೆಯಿಂದ.

"ಲೆಕ್ಕಕ್ಕೆ ಸಹಿ ಹಾಕಲ್ಲ. ತಣ್ಣಗಾಗಲಿ, ಅಳೆದು ಹಾಕ್ತೀನಿ."

ಅಧಿಕಾರಿ ಫೋನನ್ನು ಜೇಬಿಗಿಳಿಸಿದರು. "ಮೂರು ಗಂಟೆಯವರೆಗೆ ಇರ್ತೀನಿ," ಎಂದರು.

ಆ ನಾಲ್ಕು ಗಂಟೆ ಮೇಸ್ತ್ರಿಗೆ ಊಟ ಸೇರಲಿಲ್ಲ. ಶೆಡ್ಡಿನಲ್ಲಿ ಎರಡು ಸಲ ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ನಿಜವಾಗಿಯೂ ತನ್ನ ಕೈಯೇ ತಪ್ಪಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಪೊರಕೆಯನ್ನು ಬಲವಾಗಿ ಎಳೆದ.

ಮೂರಕ್ಕೆ ಕೆಂಪು ಮಣಿ ಮತ್ತೆ ಬಳೆಯನ್ನು ಸುತ್ತಿ ಬಂತು. ಮೇಸ್ತ್ರಿ ಪರದೆ ನೋಡಲಿಲ್ಲ, ಸೊಸೆಯ ತುಟಿ ನೋಡಿದ. ಅದು ಹಲ್ಲಿಗೆ ಸಿಗದೆ ತನ್ನಷ್ಟಕ್ಕೆ ಇತ್ತು.

"ಹನ್ನೊಂದು," ಎಂದಳು. ಆಮೇಲೆ, ಎಲ್ಲರಿಗೂ ಕೇಳಲೆಂದು, "ಹನ್ನೊಂದು ಮೈಕ್ರಾನ್. ಪಾಸು."

ಮೇಸ್ತ್ರಿ ಗೋಡೆಗೆ ಒರಗಿದ. ಕಣ್ಣು ತುಂಬಿ ಬಂದದ್ದನ್ನು ಬಚ್ಚಿಡುವ ಗೋಜಿಗೂ ಹೋಗಲಿಲ್ಲ. ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿಟ್ಟ ಹಾಗಿತ್ತು, ಅಷ್ಟು ಹಗುರ. ಯಜಮಾನರು ಅಧಿಕಾರಿಯ ಕೈ ಹಿಡಿದವರು ಬಿಡುವುದನ್ನೇ ಮರೆತರು.

"ಮಿಕ್ಕ ಏಳಕ್ಕೂ ರಜಾಯಿ ಹೊಲಿಸ್ತೀರೇನು?" ಎಂದು ಅಧಿಕಾರಿ ಮೇಸ್ತ್ರಿಯನ್ನು ಕೇಳಿದರು. ಮುಖದಲ್ಲಿ ನಗು ಇರಲಿಲ್ಲ, ಮೀಸೆಯಲ್ಲಿ ಇತ್ತು.

ಸೊಸೆ ವರದಿ ಬರೆದಳು. ಮೊದಲ ಅಳತೆ, ಅದು ತಪ್ಪಿದ ಕಾರಣ, ಹೊದಿಕೆ, ತಾನು ನೋಡದೆ ಬಿಟ್ಟದ್ದು, ಎರಡನೇ ಅಳತೆ, ಒಂದನ್ನೂ ಬಿಡಲಿಲ್ಲ. ಸಹಿ ಹಾಕಿದಳು. ಕ್ರೇನು ಬಳೆಯನ್ನು ಮೆಲ್ಲಗೆ ಎತ್ತಿ ಬಾಗಿಲಾಚೆ, ತೆರೆದಿಟ್ಟ ಮರದ ಪೆಟ್ಟಿಗೆಯೊಳಗೆ ಇಳಿಸಿತು. ಮುಚ್ಚಳ ಬರುವುದು ಇನ್ನೂ ತಡವಿತ್ತು. ಶೆಡ್ಡಿನ ಧೂಳು ಬಿಸಿಲಲ್ಲಿ ತೇಲುತ್ತಿತ್ತು.

ಮೇಸ್ತ್ರಿ ಬೆಂಚಿನ ಬಳಿ ನಿಂತೇ ಇದ್ದ. ರಜಾಯಿಯತ್ತ ಒಮ್ಮೆ ನೋಡಿದ, ಬಳೆಯತ್ತ ಒಮ್ಮೆ ನೋಡಿದ, ಕೈ ಹಿಂದಕ್ಕೆ ಕಟ್ಟಿಕೊಂಡ.

ಸೊಸೆ ರಜಾಯಿ ಎತ್ತಿ ತಂದು ಅವನ ಕೈಗಿಟ್ಟಳು.

"ಈಗ ಹೊದಿಸಿ, ಮಾವ," ಎಂದಳು.

ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು. ಇಬ್ಬರೂ ಸೇರಿ ಕೊಡವಿ ಹರಡಿದರು. ಮೇಸ್ತ್ರಿ ಸುತ್ತ ನಡೆದು ಅಂಚನ್ನೆಲ್ಲ ಒಂದೊಂದಾಗಿ ಒಳಗೆ ಸೇರಿಸಿದ.