ಬಾಗಿಲು ಹಾಕಿದ ಮನೆ

"ಬಾಗಿಲು ಹಾಕ್ಕೊಳ್ಳೋಕೂ ಬರದ ಮುಂಡೇವಕ್ಕೆ ಮನೆ ಬೇರೆ ಕೇಡು. ಪೊಟರೆಯಲ್ಲಿ ಬಿದ್ದಿದ್ದವರಿಗೆ ಸಿಮೆಂಟಿನ ಗೂಡು ಕೊಟ್ಟರೆ ಹಿಂಗೇ ಆಗೋದು," ಎಂದು ಕೀಲಿ ಸಾಹೇಬ ಕುರ್ಚಿಯಿಂದ ಏಳದೆಯೇ ಅಂದ. ಇಡೀ ಕಟ್ಟಡದ ಕೀಲಿಗಳು ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದವು. ಅವನಿಗೆ ಆ ಹೆಸರು ಬಿದ್ದದ್ದೂ ಅದರಿಂದಲೇ.

ಎದುರಿಗೆ ನಿಂತಿದ್ದವಳು ಗುಂಡಿ ತೋಡುವವಳು. ಪಕ್ಕದಲ್ಲಿ ಏಳುತ್ತಿದ್ದ ಇನ್ನೊಂದು ಕಟ್ಟಡದ ತಳಪಾಯದಿಂದ ಊಟದ ಹೊತ್ತಿಗೆ ಮೇಲೆದ್ದು ಬಂದಿದ್ದಳು. ಮೊಣಕಾಲಿನವರೆಗೆ ಮಣ್ಣು ಮೆತ್ತಿತ್ತು. ಮೂರನೆಯ ಮಹಡಿಯಲ್ಲಿದ್ದ ತನ್ನ ಮನೆಗೆ ಹೊಸ ಬೀಗ ಬಿದ್ದಿರುವುದನ್ನು ಕಂಡವಳೇ ಕೆಳಗೆ ಓಡಿಬಂದಿದ್ದಳು.

"ಸಾಹೇಬ್ರೆ, ನಮ್ಮತ್ತೆ ಒಳಗಿದ್ದಾಳೆ. ಬೀಗ ತೆಗೀರಿ."

"ಅತ್ತೆನೂ ಇಲ್ಲ, ಮಾವನೂ ಇಲ್ಲ. ಬೆಳಿಗ್ಗೆ ನಾನೇ ಹೋಗಿ ನೋಡಿದೀನಿ. ಬಾಗಿಲು ಹಾರು ಹೊಡೆದಿತ್ತು, ನರಪಿಳ್ಳೆ ಇರಲಿಲ್ಲ. ಖಾಲಿ ಬಿಟ್ಟ ಮನೆ ವಾಪಸ್ಸು. ಅದು ಕಾನೂನು."

"ಬಚ್ಚಲಲ್ಲಿ ಮಲಗಿರ್ತಾಳೆ. ಉಬ್ಬಸ ಬಂದರೆ ಅವಳಿಗೆ ತಣ್ಣನೆ ನೆಲ ಬೇಕು."

"ಒಳಗಿದ್ದಿದ್ರೆ ಕೂಗ್ತಿರಲಿಲ್ವಾ? ಬಾಯಿಗೆ ಏನು ಬಡಿದಿತ್ತು?"

ಅದಕ್ಕೆ ಉತ್ತರ ಅವಳ ಬಳಿ ಇತ್ತು. ಆದರೆ ಅದನ್ನು ಅವನಿಗೆ ಹೇಗೆ ತಿಳಿಸಿ ಹೇಳುವುದು?

ಆ ಕಟ್ಟಡವನ್ನು ಎಬ್ಬಿಸಿದ್ದು ಬಡವರಿಗೆಂದು. ನೆಲದಂತಸ್ತು ಮೆಟ್ಟಿಲು ಹತ್ತಲಾರದ ಮುದುಕರಿಗೆ, ನಡುವಿನ ಅಂತಸ್ತುಗಳು ಸಂಸಾರಸ್ಥರಿಗೆ, ತುತ್ತತುದಿಯ ಕೋಣೆಗಳು ದುಡಿಯಲು ಬಂದ ಹುಡುಗ ಹುಡುಗಿಯರಿಗೆ. ಬೆಳಕು ಬೀಳದ ಹಿಂಬದಿಯ ಸಾಲು ಗುಡ್ಡದವರಿಗೆ. ಅವರ ಗುಡ್ಡವನ್ನು ಕಲ್ಲುಗಣಿಗೆ ಕೊಟ್ಟಿದ್ದರು. ಗುಂಡಿ ತೋಡುವವಳ ಗಂಡನೂ ಆ ಗಣಿಯ ಸಿಡಿಮದ್ದಿಗೇ ಬಲಿಯಾಗಿದ್ದ. ಉಳಿದವರು ಅತ್ತೆ ಸೊಸೆ ಇಬ್ಬರು. ಉಬ್ಬಸದ ಮುದುಕಿಗೆ ನೆಲದಂತಸ್ತಿನಲ್ಲಿ ಒಂದು ಮೂಲೆ ಕೊಡಿ ಎಂದು ಕೇಳಿದರೆ ಸಿಗಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅವಳು ಮೊದಲು ಗುಡ್ಡದವಳು, ಆಮೇಲೆ ಮುದುಕಿ.

ಗುಡ್ಡದ ಮೇಲಿನ ಮನೆಗಳಿಗೆ ಬಾಗಿಲೆಂಬುದೇ ಇರಲಿಲ್ಲ. ಬಾಗಿಲಿರಬೇಕಾದ ಕಡೆ ಬೆಳಕಿತ್ತು, ಗಾಳಿಯಿತ್ತು, ಹಾದುಹೋಗುವವರ ಮಾತಿತ್ತು. ಒಳಗೆ ಹೆಣವಿದ್ದಾಗ ಮಾತ್ರ ಬಿದಿರಿನ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ಕಟ್ಟಿದ ಮೇಲೆ ಒಳಗಿನ ಜೀವ, ಉಸಿರಾಡುತ್ತಿದ್ದರೂ, ದೇವರ ಪಾಲು. ಹೊರಗಿನವರು ಕರೆಯುವಂತಿಲ್ಲ, ಒಳಗಿನವರು ಕೂಗುವ ಮಾತಂತೂ ಇಲ್ಲವೇ ಇಲ್ಲ. ಸಿಮೆಂಟಿನ ಮನೆಗೆ ಬಂದ ದಿನವೇ ಮುದುಕಿ ಬಾಗಿಲನ್ನು ಗೋಡೆಗೆ ಒತ್ತಿ, ಅಲುಗದ ಹಾಗೆ ಇಟ್ಟಿಗೆಯೊಂದನ್ನು ಆನಿಸಿದ್ದಳು. ಅಂದಿನಿಂದ ಅದು ಮುಚ್ಚಿರಲಿಲ್ಲ.

ಕಚೇರಿಯ ಹೊರಗಿನ ಜಗಲಿಯಿಂದ ಒಂದು ದನಿ ಬಂತು. ಕಾಗದ ಹಂಚಿ ಹಂಚಿ ಕಾಲು ಸೋತು, ಈಗ ನೆಲದಂತಸ್ತಿನಲ್ಲಿರುವ ಅಂಚೆಯಜ್ಜ. "ಆ ತಾಯಿ ಕೆಳಗಿಳಿದದ್ದು ನಾನು ನೋಡಿಲ್ಲ ಸಾಹೇಬ್ರೆ. ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ."

"ಕೂತಿರು ಅಜ್ಜ. ನಿನ್ನ ಕೀಲಿನೂ ಇಲ್ಲೇ ತೂಗ್ತಿದೆ."

ಅಂಚೆಯಜ್ಜ ಊರುಗೋಲನ್ನು ಎಳೆದುಕೊಂಡು ನೆಲ ನೋಡತೊಡಗಿದ.

ಅವಳು ಸಾಹೇಬನ ಕಾಲು ಹಿಡಿದಳು. "ಒಂದು ಸಲ ತೆಗೆದು ನೋಡಿ ಮತ್ತೆ ಬೇಕಾದ್ರೆ ಹಾಕ್ಕೊಳ್ಳಿ."

"ಸಂಜೆಗೆ ನನ್ನ ಭಾಮೈದ ಸಂಸಾರ ಸಮೇತ ಬರ್ತಾನೆ. ಅವನಿಗೆ ಬಾಗಿಲು ಹಾಕ್ಕೊಳ್ಳೋಕೆ ಬರುತ್ತೆ. ನಿಮ್ಮ ಗಂಟುಮೂಟೆ ಹೊರಗೆ ಹಾಕಿಸ್ತೀನಿ. ಅದರಲ್ಲಿ ನಿಮ್ಮತ್ತೆ ಸಿಕ್ಕಿದ್ರೆ ಅವಳನ್ನೂ ಹೊತ್ಕೊಂಡು ಹೋಗು."

ಬಾಗಿಲಲ್ಲಿ ನಿಂತಿದ್ದ ಕಾವಲಿನ ಮೀಸೆಯವನು ಈ ಮಾತಿಗೆ ಹೊಟ್ಟೆ ಕುಣಿಸಿ ನಕ್ಕ. ಅವಳು ಎದ್ದು ಕೀಲಿಗಳ ಸಾಲಿಗೆ ಕೈ ಹಾಕಿದಳು. ಸಾಹೇಬನ ಏಟು ಕಿವಿಯ ಮೇಲೆ ಬಿತ್ತು. ಲೋಕವೆಲ್ಲ ಒಂದು ಗಳಿಗೆ ನೀರೊಳಗೆ ಮುಳುಗಿದಂತಾಯಿತು. ಮೀಸೆಯವನು ತುರುಬು ಹಿಡಿದು ಹೊಸ್ತಿಲು ದಾಟಿಸಿ ಎಳೆದ. ಅಂಗಳದ ಜಲ್ಲಿಯ ಮೇಲೆ ಕೆಡವಿ ಹೊಟ್ಟೆಗೆ ಒದ್ದ, ಮುಖಕ್ಕೆ ಒದ್ದ. ಅವಳ ಬಾಯಿಂದ ಒಂದು ಹಲ್ಲು ಜಲ್ಲಿಗೆ ಬಿತ್ತು.

"ಹೋಗೇ, ನಿಮ್ಮಪ್ಪನ ಗುಡ್ಡಕ್ಕೆ ಹೋಗು, ಬೋಸುಡಿ."

ಅವಳು ಎದ್ದಳು. ಗುಡ್ಡದ ಕಡೆಗಲ್ಲ, ಗುಂಡಿಯ ಕಡೆಗೆ ನಡೆದಳು. ಜೊತೆಯಲ್ಲಿ ಮಣ್ಣು ಅಗೆಯುವವನು ತಳದಲ್ಲಿ ಕೂತು ತಟ್ಟೆಗೆ ಬಾಗಿ ಉಣ್ಣುತ್ತಿದ್ದ.

"ಹಾರೆ ಕೊಡು."

"ಊಟದ ಹೊತ್ತಲ್ಲೂ ತೋಡ್ತೀಯಾ? ಮೇಸ್ತ್ರಿ ನಿನಗೆ ಕಟ್ಟಡವನ್ನೇ ಬರ್ಕೊಡ್ತಾನೆ ಬಿಡು," ಎಂದು ತಲೆಯೆತ್ತಿದವನು ಅವಳ ಬಾಯಿ ನೋಡಿ ಅಗಿಯುವುದನ್ನು ಮರೆತ. ಎಂಜಲು ಕೈಯಲ್ಲೇ ಹಾರೆ ಎತ್ತಿಕೊಟ್ಟ.

ಅವಳು ಮೂರು ಮಹಡಿ ಹತ್ತುವುದರೊಳಗೆ ಹಿಂದೆಯೇ ಓಡಿಬಂದ ಸಾಹೇಬ ಪಕ್ಕದಿಂದ ನುಗ್ಗಿ ಬೀಗದ ಮೇಲೆ ಅಂಗೈ ಒತ್ತಿ ನಿಂತ. ಏದುಸಿರು ಬಿಡುತ್ತಿದ್ದ.

"ಸರ್ಕಾರದ ಬೀಗ ಇದು. ಮುಟ್ಟಿದ್ರೆ ಜೈಲಲ್ಲಿ ಕೊಳೀತೀಯ."

"ಕೈ ತೆಗೀರಿ ಸಾಹೇಬ್ರೆ."

"ಏ ಲೌಡಿ, ಹೆದರಿಸ್ತೀಯಾ ನನ್ನನ್ನ?"

"ಕೈ ತೆಗೀರಿ."

ಅವನು ಇನ್ನಷ್ಟು ಒತ್ತಿ ಹಿಡಿದ. ಬಾಯಿ ಮಾಡುವ ಹೆಂಗಸರನ್ನು ಅವನು ಬಹಳ ಕಂಡಿದ್ದ, ಹಾರೆ ಎತ್ತುವವಳನ್ನು ಕಂಡಿರಲಿಲ್ಲ.

"ತೆಗಿಯೋ," ಎಂದಳು.

ಹಾರೆ ಬಿತ್ತು. ಮೊದಲ ಏಟಿಗೆ ಮುರಿದದ್ದು ಬೀಗವಲ್ಲ. ಸಾಹೇಬ ಕೈಯನ್ನು ಎದೆಗೆ ಅವುಚಿಕೊಂಡು ಕುಸಿದು ಕೂತ. ಅವನ ಕೂಗು ಮೆಟ್ಟಿಲುಗಳ ನಡುವೆ ಸುತ್ತಿ ಸುತ್ತಿ ಮೇಲೆ ಹೋಯಿತು. ನುಗ್ಗಿ ಬಂದ ಮೀಸೆಯವನ ಮೊಣಕಾಲಿಗೆ ಹಾರೆಯ ಹಿಂತುದಿ ಬಡಿದು ಅವನೂ ಬಿದ್ದ. ಮೇಲಿನ ಅಂತಸ್ತಿನ ಡೆಲಿವರಿ ಹುಡುಗರು ಹೆಲ್ಮೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಬಿದ್ದವರನ್ನು ಎತ್ತಲು ಒಬ್ಬರೂ ಇಳಿಯಲಿಲ್ಲ. ಅವಳನ್ನು ತಡೆಯಲೂ ಇಳಿಯಲಿಲ್ಲ.

ಎರಡನೆಯ ಏಟಿಗೆ ಚಿಲಕ ಮರದ ಸಮೇತ ಕಿತ್ತು ಬಂತು.

ಒಳಗಿನ ಧಗೆ ಮುಖಕ್ಕೆ ಹೊಡೆಯಿತು. ಮುದುಕಿ ಬಚ್ಚಲಲ್ಲಿರಲಿಲ್ಲ. ಕೋಣೆಯ ನಟ್ಟನಡುವೆ, ಬಾಗಿಲಿಗೆ ಕಾಲು ಮಾಡಿ, ನೆಟ್ಟಗೆ ಅಂಗಾತ ಮಲಗಿದ್ದಳು. ಸೀರೆಯ ಅಂಚು ಹರಿದು ಗಲ್ಲದಿಂದ ನೆತ್ತಿಗೆ ಬಿಗಿದುಕೊಂಡಿದ್ದಳು. ಕಾಲಿನ ಹೆಬ್ಬೆರಳೆರಡನ್ನೂ ದಾರದಿಂದ ಜೋಡಿಸಿ ಕಟ್ಟಿಕೊಂಡಿದ್ದಳು. ಕೈಗಳು ಎದೆಯ ಮೇಲಿದ್ದವು. ಎದೆ ಮಾತ್ರ ಹರಿದ ತಿದಿಯಂತೆ ಏರಿ ಇಳಿಯುತ್ತಿತ್ತು. ಮುಖದಲ್ಲಿ ಪ್ರಾರ್ಥನೆ ಮುಗಿಸಿ ಎದ್ದವರ ನಿರಾಳವಿತ್ತು.

ಸೊಸೆ ಹಾರೆ ಕೆಳಗಿಟ್ಟು ಗಲ್ಲದ ಕಟ್ಟು ಬಿಚ್ಚಿದಳು. ಅವಳ ಬಾಯಿಂದ ತೊಟ್ಟಿಕ್ಕಿದ ರಕ್ತ ಮುದುಕಿಯ ಹಣೆಯ ಮೇಲೆ ಬಿತ್ತು.

"ಬಂದೆಯಾ?" ಎಂದಳು ಅತ್ತೆ, ತಡೆತಡೆದು. "ಬಾಗಿಲು ಮುಚ್ಚಿದ ಸದ್ದು ಕೇಳ್ತು. ನೀನೇ ತಟ್ಟಿ ಕಟ್ಟಿದೆ ಅಂದ್ಕೊಂಡೆ ಕಣೇ. ನನ್ನ ಸೇವೆ ಮಾಡಿ ಮಾಡಿ ಸಾಕಾಗಿರಬೇಕು ಹುಡುಗಿಗೆ, ಹೋಗಲಿ ಅಂತ... ಬಾಯಿ ಕಟ್ಟೋ ಕಷ್ಟನೂ ನಿನಗೆ ಬೇಡ ಅಂತ ನಾನೇ ಕಟ್ಕೊಂಡೆ."

ಸೊಸೆ ಬಾಗಿ ಹೆಬ್ಬೆರಳಿನ ದಾರವನ್ನು ಹಲ್ಲಿನಿಂದ ಕಡಿದಳು. ಎದ್ದು ಹೋಗಿ ಹಾರೆಯ ಮೊನೆಯನ್ನು ಬಾಗಿಲಿನ ತಿರುಗಣಿಯ ಸಂದಿಗೆ ತುರುಕಿ ಮೈಭಾರವನ್ನೆಲ್ಲ ಹಾಕಿದಳು. ಮೊಳೆಗಳು ಒಂದೊಂದಾಗಿ ಕಿರುಚಿ ಹೊರಬಂದವು. ಕಳಚಿದ ಬಾಗಿಲನ್ನು ಮನೆಗಳ ಮುಂದಿನ ಓಣಿಯುದ್ದಕ್ಕೂ ಎಳೆದೊಯ್ದು ತಡೆಗೋಡೆಯ ಆಚೆ ನೂಕಿದಳು. ಕೆಳಗೆ ಅಂಗಳದ ಜಲ್ಲಿಯ ಮೇಲೆ ಅದು ಬಿದ್ದ ಸದ್ದಿಗೆ ಇಡೀ ಕಟ್ಟಡ ಒಮ್ಮೆ ಅದುರಿತು. ಆಮೇಲೆ ಹಿಂಬದಿಯ ಸಾಲಿನ ಇನ್ನೊಂದು ಮನೆಯಲ್ಲಿ ಯಾರೋ ಕಬ್ಬಿಣದಿಂದ ಮರವನ್ನು ಮೀಟುವ ಸದ್ದು ಶುರುವಾಯಿತು. ಅದರಾಚೆಯ ಮನೆಯಲ್ಲೂ.

ಅವಳು ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ತಂದು, ಗಾಳಿ ಬರುತ್ತಿದ್ದ ಹೊಸ್ತಿಲಲ್ಲಿ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಕೆಳಗೆ ಜೀಪು ನಿಂತಿತು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು.

ಮುದುಕಿ ಕಿವಿಗೊಟ್ಟು ಕೇಳಿದಳು.

"ಯಾರೋ ನಮ್ಮನೆಗೇ ಬರೋ ಹಾಗಿದೆ ಕಣೇ. ಒಳಗೆ ಬನ್ನಿ ಅನ್ನು."

"ಬರಲಿ ಅತ್ತೆ," ಎಂದು ಸೊಸೆ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.