ಹದಿನೈದನೇ ಆವೃತ್ತಿಯ ಅಜ್ಜಿ

ನನ್ನ ಅಕ್ಕನಿಗೆ ಕನ್ನಡಕದ ಅಂಗಡಿಯಿದೆ. ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ನಂಬರು ಹೇಳುವವಳು ಅವಳು. ಅಂಥವಳಿಗೇ "ನೀವು ಕಂಡದ್ದು ಸುಳ್ಳು" ಎಂದರೆ ಮೈ ಉರಿಯದೆ ಇರುತ್ತದೆಯೇ? ಎಂಟು ವರ್ಷದಿಂದ ಪ್ರತಿ ಭಾನುವಾರ ಉರಿಯುತ್ತಲೇ ಇದೆ. ಪಕ್ಕದಲ್ಲಿ ಕೂರುವ ನನಗೂ ಅದರ ಬಿಸಿ ತಟ್ಟುತ್ತದೆ.

ವಿಷಯ ಇಷ್ಟೆ. 'ಎಂಟು ಮಲ್ಲರು' ಅಂತ ಒಂದು ಹಳೆಯ ವಿಡಿಯೋ ಗೇಮ್. ನಾಣ್ಯ ಹಾಕಿ, ಆಳೆತ್ತರದ ಮೆಷಿನ್ನಿನ ಮುಂದೆ ನಿಂತು ಆಡುವಂಥದ್ದು. ಎಂಟು ಜನ ಜಟ್ಟಿಗಳಲ್ಲಿ ಒಬ್ಬರನ್ನು ಆರಿಸಿಕೊಂಡು ಮಿಕ್ಕವರನ್ನು ಬಡಿಯಬೇಕು. ಪಕ್ಕದಲ್ಲಿ ನಿಂತು ಇನ್ನೊಬ್ಬರು ಎದುರಾಳಿಯಾಗಿ ಆಡಲೂಬಹುದು. ಅವರಲ್ಲಿ ಒಬ್ಬಳು ಊರುಗೋಲಿನ ಅಜ್ಜಿ. ಅಕ್ಕ ಚಿಕ್ಕಂದಿನಿಂದ ಆಡಿದ್ದು ಆ ಅಜ್ಜಿಯನ್ನೇ. ಗೆದ್ದ ಮೇಲೆ ಅಜ್ಜಿ ಹೆಗಲ ಧೂಳು ಕೊಡವಿ, ಬೆನ್ನು ತಿರುಗಿಸಿ ಹೊರಟುಬಿಡುತ್ತಾಳೆ. ಲೋಕಕ್ಕೆಲ್ಲ ಗೊತ್ತಿರುವ ಅಜ್ಜಿ ಅಷ್ಟೇ. ಆದರೆ ನಾವು ಹುಡುಗಿಯರಾಗಿದ್ದಾಗ ನಮ್ಮ ಬೀದಿಯ ಗೇಮ್ ಅಂಗಡಿಯಲ್ಲಿ ಆಡಿದ ಅಜ್ಜಿ ಹಾಗೆ ಹೋಗುತ್ತಿರಲಿಲ್ಲ, ಬಗ್ಗಿ, ಬಿದ್ದವನಿಗೆ ಕೈ ನೀಡಿ ಎಬ್ಬಿಸುತ್ತಿದ್ದಳು ಎನ್ನುವುದು ಅಕ್ಕನ ವಾದ. ನನಗಂತೂ ನೆನಪಿಲ್ಲ.

"ಹಾಗಾದ್ರೆ ಅದು ಯಾವ ಆವೃತ್ತಿ?" ಎಂದು ಕೇಳುವವರು ಮೇಷ್ಟ್ರು. ನಿವೃತ್ತ ಗಣಿತದ ಮೇಷ್ಟ್ರು. ಅವರ ಮನೆಯ ಮಹಡಿ ಕೋಣೆಯೇ ನಮ್ಮ ಭಾನುವಾರದ ಕೂಟ. ಆ ಗೇಮಿನ ಹದಿನಾಲ್ಕು ಆವೃತ್ತಿಗಳ, ಮೆಷಿನ್ನಿನೊಳಗೆ ಕೂರಿಸುವ ಬೋರ್ಡುಗಳನ್ನು ಚಪ್ಪಲಿ ಡಬ್ಬಿಗಳಲ್ಲಿ ಹಾಕಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ. ಮೊದಲನೆಯದರಲ್ಲಿ ಎಲ್ಲರೂ ನೀರಿನೊಳಗೆ ನಡೆದಂತೆ ನಡೆಯುತ್ತಾರೆ. ಎರಡನೆಯದೇ ಎಲ್ಲ ಬೀದಿಗಳಿಗೂ ಬಂದಿದ್ದು. ಐದನೆಯದರಲ್ಲಿ ಯಾವ ಪುಣ್ಯಾತ್ಮನೋ ವೇಗ ಹೆಚ್ಚಿಸಿದ್ದರಿಂದ ಅಜ್ಜಿಯ ಕೋಲು ಕಣ್ಣಿಗೇ ಕಾಣುವುದಿಲ್ಲ. ಒಂಬತ್ತನೆಯದು ಕಳ್ಳ ನಕಲು. ಅದರಲ್ಲಿ ಒದ್ದವರೂ ಒದೆಸಿಕೊಂಡವರೂ ಒಟ್ಟಿಗೆ ಹಾರುತ್ತಾರೆ. ಮೇಷ್ಟ್ರಿಗೆ ಹದಿನಾಲ್ಕೂ ಕಂಠಪಾಠ. ಯಾವುದರಲ್ಲೂ ಅಜ್ಜಿ ಬಗ್ಗುವುದಿಲ್ಲ.

"ಹದಿನೈದನೇದು ಒಂದಿದೆ. ನಿಮ್ಮ ಹತ್ರ ಇಲ್ಲ ಅಷ್ಟೆ" ಎಂದು ಅಕ್ಕ.

"ಅಕ್ಕಾವ್ರೇ, ನಿಮ್ಮ ಕಣ್ಣಿಗೆ ನೀವೇ ಒಂದ್ಸಲ ನಂಬರ್ ನೋಡ್ಕೊಳ್ಳಿ" ಎನ್ನುವವನು ಕೂಟದ ಇನ್ನೊಬ್ಬ, ಕತ್ತರಿ. ಅವನಿಗೆ ಕ್ಷೌರದಂಗಡಿ, ಅದಕ್ಕೇ ಆ ಹೆಸರು. ನಾಲಿಗೆಯೂ ಅದೇ ಜಾತಿಯದು.

ಈ ವರ್ಷ ಮೇಷ್ಟ್ರು ಎಲ್ಲ ಆವೃತ್ತಿಗಳ ವಿವರ ಬರೆದು ಪುಸ್ತಕ ಅಚ್ಚು ಹಾಕಿಸಲು ಹೊರಟರು. ಮುಂದಿನ ಭಾನುವಾರದ ಕೂಟ ಮುಗಿಸಿ, ಸೋಮವಾರ ಪ್ರೆಸ್ಸಿಗೆ ಕೊಡುವುದೆಂದು ಗೊತ್ತಾಯಿತು. ಅಕ್ಕ ಎದ್ದು ನಿಂತು ಎಲ್ಲರ ಮುಂದೆ ಹೇಳಿಬಿಟ್ಟಳು: "ಭಾನುವಾರದೊಳಗೆ ತೋರಿಸ್ತೀನಿ. ತೋರಿಸಕ್ಕಾಗದಿದ್ರೆ ನಾನು ಕಂಡಿದ್ದು ಸುಳ್ಳು ಅಂತ ಒಪ್ಕೊಂಡು, ಮತ್ತೆ ಈ ಮೆಟ್ಟಿಲು ಹತ್ತಲ್ಲ."

ಅಕ್ಕನ ಬಾಯಿಂದ ಮಾತು ಬಿದ್ದರೆ ಮುಗಿಯಿತು. ದಾರಿಯಲ್ಲಿ ಅವಳನ್ನು ಚೆನ್ನಾಗಿ ಬೈದೆ. ಅವಳು, "ಆ ವರ್ಷ ನಾನು ಫೇಲಾಗಿದ್ದೆ ಕಣೇ, ನೆನಪಿದ್ಯಾ? ಮನೇಲಿ ಯಾರೂ ಮಾತಾಡಿಸ್ತಿರ್ಲಿಲ್ಲ. ಆ ಅಜ್ಜಿ ಬಗ್ಗಿ ಅವನನ್ನ ಎಬ್ಬಿಸಿದ್ದು ನೋಡೇ ನಾನು ಮತ್ತೆ ಪರೀಕ್ಷೆ ಕಟ್ಟಿದ್ದು. ಅದನ್ನ ಹೇಗೆ ಸುಳ್ಳು ಅನ್ಲಿ?" ಎಂದಳು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ನನ್ನದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಹಳೆ ಸಾಮಾನಿನವರೆಲ್ಲ ಪರಿಚಯ. ಮೂರು ದಿನ ಅವರ ಪ್ರಾಣ ತಿಂದು ಹುಡುಕಿಸಿದೆ. ಗುರುವಾರ ಸಿಕ್ಕಿತು: ನಮ್ಮ ಬೀದಿಯ ಅದೇ ಮೆಷಿನ್, ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಮೈಮೇಲೆ ಇಸ್ತ್ರಿ ಬಟ್ಟೆಗಳ ಗಂಟು ಹೊತ್ತುಕೊಂಡು ನಿಂತಿತ್ತು. ಎಡಗಡೆ ಅಕ್ಕ ಕೀಲಿಯಿಂದ ಕೆತ್ತಿದ್ದ ಅಜ್ಜಿಯ ಚಿತ್ರ ಹಾಗೇ ಇತ್ತು. ನಾನು ಕುಣಿಯುವುದೊಂದು ಬಾಕಿ.

ಅಂಗಡಿಗೆ ತಂದು ಹಿಂಬಾಗಿಲು ಬಿಚ್ಚಿದೆ. ಬೋರ್ಡಿನ ಮೇಲಿನ ಸಂಖ್ಯೆ ಓದಿ ಅಲ್ಲೇ ಕುಕ್ಕರಿಸಿದೆ. ಎರಡನೇ ಆವೃತ್ತಿ. ಬೀದಿಬೀದಿಯಲ್ಲೂ ಇದ್ದ, ಮೇಷ್ಟ್ರ ಡಬ್ಬಿಯಲ್ಲೂ ಇರುವ ಅದೇ ಎರಡನೆಯದು. ಆದರೂ ಏನೋ ಆಸೆ. ಎರಡು ದಿನ ಕೂತು ಧೂಳು ಒರೆಸಿ, ವೈರು ಬದಲಿಸಿ, ಕಟ್ಟಿಕೊಂಡ ಬಟನ್ನುಗಳನ್ನೆಲ್ಲ ಬಿಚ್ಚಿ ತೊಳೆದೆ. ಎರಡನೇ ಆಟಗಾರನ ಸ್ಟಾರ್ಟ್ ಬಟನ್ನಿನ ಸಂದಿಯಲ್ಲಿ ಮಡಿಸಿದ ಬಸ್ ಟಿಕೆಟ್ಟೊಂದು ಸಿಕ್ಕಿತು. ನೋಡಿ ನಗು ಬಂತು. ಅದನ್ನು ಅಲ್ಲಿ ತುರುಕಿದವಳು ನಾನೇ. ಮೊಳೆಗಳ ಡಬ್ಬಿಗೆ ಹಾಕಿ ಕೆಲಸ ಮುಂದುವರಿಸಿದೆ. ಕಸುಬು ಗೊತ್ತಿರುವವಳು ಸಂದಿಯಲ್ಲಿ ಕಸ ಬಿಡುತ್ತಾಳೆಯೇ? ನನ್ನ ಬುದ್ಧಿಗಿಷ್ಟು.

ಭಾನುವಾರ ಬೆಳಿಗ್ಗೆ ಎಲ್ಲರೂ ನನ್ನ ಅಂಗಡಿಗೇ ಬಂದರು. ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದಳು. ನಾಣ್ಯ ಹಾಕಿ, ಅಜ್ಜಿಯನ್ನು ಆರಿಸಿ, ಮೊದಲ ಜಟ್ಟಿಯನ್ನು ಒಂದೇಟೂ ತಿನ್ನದೆ ಮಲಗಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದೆವು. ಅಜ್ಜಿ ಹೆಗಲ ಧೂಳು ಕೊಡವಿ, ಬೆನ್ನು ತಿರುಗಿಸಿ ಹೋದಳು.

ಎರಡನೆಯವನನ್ನೂ ಕೆಡವಿದಳು. ಮತ್ತೆ ಧೂಳು, ಮತ್ತೆ ಬೆನ್ನು. ಐದನೆಯವನ ಹೊತ್ತಿಗೆ ಕತ್ತರಿಯೂ ತಮಾಷೆ ನಿಲ್ಲಿಸಿದ್ದ. ಅಕ್ಕ ಮೆಷಿನ್ನಿನ ಹಿಡಿಯಿಂದ ಕೈ ತೆಗೆದು ಮೇಷ್ಟ್ರ ಕಡೆ ತಿರುಗಿದಳು. ಅವಳ ಮುಖ ಫೇಲಾದ ದಿನದ ಮುಖವೇ ಆಗಿತ್ತು.

"ಮೇಷ್ಟ್ರೇ, ನಾನು..." ಎಂದು ಶುರುಮಾಡಿದಳು.

ಆಗ ನನ್ನ ತಲೆಗೆ ಹೊಳೆಯಿತು. ಹೊಳೆದರೂ ಹೇಳಲು ಹಿಂಜರಿದೆ. ಯಾಕೆಂದರೆ ಅಕ್ಕನಿಗೆ ಇನ್ನೊಂದು ಹೆಮ್ಮೆಯಿದೆ, ಅದನ್ನು ಮದುವೆಮನೆಯಲ್ಲೂ ಬಿಡದೆ ಹೇಳುತ್ತಾಳೆ: ಫೇಲಾದ ವರ್ಷ, ಗೇಮ್ ಅಂಗಡಿ ಮುಚ್ಚುವವರೆಗಿನ ನಾಲ್ಕು ತಿಂಗಳು, ಬೀದಿಯಲ್ಲಿ ಒಬ್ಬನಿಗೂ ಅವಳೆದುರು ನಿಂತು ಆಡುವ ಧೈರ್ಯ ಇರಲಿಲ್ಲವಂತೆ. ಒಂದನ್ನು ಉಳಿಸಬೇಕಾದರೆ ಇನ್ನೊಂದನ್ನು ನಾನೇ ಕೆಡವಬೇಕು.

"ಅಕ್ಕಾ, ತಡಿ!" ಎಂದು ಕೂಗಿ ಮೊಳೆಗಳ ಡಬ್ಬಿ ನೆಲಕ್ಕೆ ಸುರಿದೆ. ಟಿಕೆಟ್ಟು ಸಿಕ್ಕಿತು. ಮೆಷಿನ್ನಿನ ಸ್ವಿಚ್ ಆರಿಸಿ, ಎರಡನೇ ಆಟಗಾರನ ಸ್ಟಾರ್ಟ್ ಬಟನ್ನನ್ನು ಒಳಕ್ಕೆ ಒತ್ತಿ, ಮೇಲೇಳದಂತೆ ಟಿಕೆಟ್ಟು ತುರುಕಿ, ಮತ್ತೆ ಹಚ್ಚಿದೆ. "ಈಗ ಆಡು" ಎಂದೆ.

ಅಕ್ಕ ಆಡಿದಳು. ಜಟ್ಟಿ ದೊಪ್ಪೆಂದು ಬಿದ್ದ. ಅಜ್ಜಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ನಿಧಾನವಾಗಿ ಬಗ್ಗಿದಳು. ಕೈ ನೀಡಿ ಅವನನ್ನು ಎಬ್ಬಿಸಿ ನಿಲ್ಲಿಸಿದಳು.

ಕತ್ತರಿ ಕಿರುಚಿದ ರಭಸಕ್ಕೆ ಎದುರಂಗಡಿಯವರು ಓಡಿಬಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿ, ಮತ್ತೆ ತೆಗೆದು ಒರೆಸಿದರು. "ಹದಿನಾಲ್ಕೂ ಬಿಚ್ಚಿ ನೋಡಿದ್ದೀನಲ್ಲಮ್ಮ! ಆಡದೇ ಇರೋ ಕಡೆ ಬಟನ್ ಯಾರು ಒತ್ತಿ ಹಿಡೀತಾರೆ?"

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಆ ಟಿಕೆಟ್ ಯಾಕೆ ಹಾಕಿದ್ದೆ ಅಲ್ಲಿ?"

"ಬೀದಿ ಹುಡುಗ್ರು ನಿನ್ನನ್ನ ದಿನಾ ಸೋಲಿಸ್ತಿದ್ರಲ್ಲ ಅಕ್ಕ. ಆ ಬಟನ್ ಒತ್ತಿ ಬಿಟ್ರೇನೇ ಎದುರಾಳಿ ಆಟಕ್ಕೆ ಬರೋದು. ಸಿಕ್ಕಾಕ್ಕೊಂಡ್ರೆ ಯಾರೂ ಬರಕ್ಕಾಗಲ್ಲ. ನೀನು ಫೇಲಾಗಿ ಅಳ್ತಿದ್ದೆ. ಇಲ್ಲಾದ್ರೂ ಗೆಲ್ಲಲಿ ಅಂತ. ಆ ಜಿಪುಣ ಓನರ್ರು ಹೊಗೆ ಬರೋವರೆಗೂ ರಿಪೇರಿ ಮಾಡಿಸ್ತಿರ್ಲಿಲ್ಲ."

"ಅಂದ್ರೆ ನನಗೆ ಹೆದರಿ ಯಾರೂ..."

"ಬಟನ್ ಕೆಟ್ಟಿದೆ ಅಂತ ಬೈಕೊಂಡು ಹೋಗ್ತಿದ್ರು."

ಅಕ್ಕನ ಹೆಗಲು ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ. ಇಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಕಳ್ಳಿ! ಇಪ್ಪತ್ತೊಂಬತ್ತು ವರ್ಷ ಮಹಾರಾಣಿ ಥರ ಮೆರೆದೆನಲ್ಲೇ!" ಎಂದು ನನ್ನ ಬೆನ್ನಿಗೆ ಎರಡು ಗುದ್ದಿ, ಅದೇ ಕೈಯಲ್ಲಿ ತಬ್ಬಿಕೊಂಡಳು. ನನಗೇ ಅಳು ಬಂತು.

ಮಧ್ಯಾಹ್ನವೆಲ್ಲ ಮೇಷ್ಟ್ರ ಡಬ್ಬಿಗಳು ಒಂದೊಂದಾಗಿ ಬಂದವು. ಬಟನ್ ಒತ್ತಿ ಹಿಡಿದರೆ ಹದಿನಾಲ್ಕರಲ್ಲೂ ಅಜ್ಜಿ ಬಗ್ಗಿದಳು. ಕಳ್ಳ ನಕಲಿನಲ್ಲಿ ಅವಳು ಎಬ್ಬಿಸಿದ ರಭಸಕ್ಕೆ ಆಸಾಮಿ ಪರದೆಯಿಂದಲೇ ಹಾರಿಹೋದ. ಕತ್ತರಿ ಟಿಕೆಟ್ಟು ಕಿತ್ತು ಅಕ್ಕನೆದುರು ನಿಂತು ಮೂರು ಸಲ ಸೋಲಿಸಿದ. ಅವಳು ಮೂರು ಸಲವೂ ಅವನಿಗೆ ಶಾಪ ಹಾಕಿದಳು.

ಮೇಷ್ಟ್ರು ಮೂಲೆಯಲ್ಲಿ ಕೂತು ಪುಸ್ತಕದ ಕೊನೆಯ ಪುಟ ತಿದ್ದಿ ಬರೆದು ಓದಿದರು: "ಹದಿನೈದನೇ ಆವೃತ್ತಿ ಎಂಬುದಿಲ್ಲ. ಪಕ್ಕದಲ್ಲಿ ನಿಂತವರು ತಾವು ಆಡದೆ ಬಟನ್ ಒತ್ತಿ ಹಿಡಿದಿದ್ದರೆ, ಎಲ್ಲ ಆವೃತ್ತಿಗಳಲ್ಲೂ ಅಜ್ಜಿ ಕೈ ನೀಡುತ್ತಾಳೆ. ಇದನ್ನು ಮೊದಲು ಕಂಡವರು ಕನ್ನಡಕದಂಗಡಿಯ ಅಕ್ಕ."

"ಒತ್ತಿ ಹಿಡಿದವಳ ಹೆಸರೂ ಹಾಕಿ" ಎಂದಳು ಅಕ್ಕ. ಆಮೇಲೆ ಇನ್ನೊಂದು ನಾಣ್ಯ ಹಾಕಿ, ಟಿಕೆಟ್ಟನ್ನು ತನ್ನ ಪರ್ಸಿಗೆ ಸೇರಿಸಿ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು. "ಬಾರೇ. ಟಿಕೆಟ್ ಬೇಡ, ನೀನೇ ಬಟನ್ ಹಿಡ್ಕೊ."